ತರಬೇತಿ ಚಾಲಕನೊಬ್ಬನಿಗೆ ಸಾಕೆ?

ಮಂಗಳೂರಿನಲ್ಲಿ ಅಡುಗೆ ಅನಿಲ ತುಂಬಿಕೊಂಡು ಬೆಂಗಳೂರಿನತ್ತ ಹೊರಡುವ ಬುಲೆಟ್ ಟ್ಯಾಂಕರ್‌ಗಳು ಬಂಟ್ವಾಳ, ಉಪ್ಪಿನಂಗಡಿ ದಾಟಿ ಶಿರಾಡಿ ಘಾಟಿ ಹತ್ತುತ್ತವೆ. 2013ರ ಏಪ್ರಿಲ್ 9ರಂದು ಇದೇ ದಾರಿಯ ಪೆರ್ನೆಯಲ್ಲಿ ಟ್ಯಾಂಕರ್ ಮಗುಚಿ, ಸೋರಿದ ಅನಿಲಕ್ಕೆ ಬೆಂಕಿ ಹೊತ್ತಿಕೊಂಡಿತು. ಸತ್ತವರಲ್ಲಿ ರಸ್ತೆ ಬದಿಯ ಮನೆಯವರೂ ಇದ್ದರು. ಅದರ ಹಿಂದಿನ ವರ್ಷದ ಆಗಸ್ಟ್‌ನಲ್ಲಿ ಕಣ್ಣೂರು ಬಳಿಯ ಚಾಲಾದಲ್ಲಿ ಇಂಥದೇ ದುರಂತ 20 ಮಂದಿಯನ್ನು ಬಲಿ ಪಡೆದಿತ್ತು. 2024ರ ಡಿಸೆಂಬರ್‌ನಲ್ಲಿ ಜೈಪುರದ ಹೆದ್ದಾರಿಯಲ್ಲೂ ಅದೇ ಕಥೆ. ಪ್ರತಿ ಸಲವೂ ಚರ್ಚೆ ಚಾಲಕನ ತಪ್ಪು, ರಸ್ತೆಯ ತಿರುವುಗಳಿಗೇ ಮುಗಿಯುತ್ತದೆ. ಟ್ಯಾಂಕರ್ ಮಗುಚಿದ ಮೊದಲ ಅರ್ಧ ಗಂಟೆಯಲ್ಲಿ ಅಲ್ಲಿರುವವರಿಗೆ ಏನು ಗೊತ್ತಿರಬೇಕು ಎಂದು ಯಾರೂ ಕೇಳುವುದಿಲ್ಲ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 9ನೇ ನಿಯಮದ ಪ್ರಕಾರ, ಅಪಾಯಕಾರಿ ಸರಕು ಸಾಗಿಸುವ ಚಾಲಕ ಮೂರು ದಿನಗಳ ತರಬೇತಿ ಪಡೆದಿರಬೇಕು. ಅವನ ಪರವಾನಗಿಯ ಅವಧಿ ಮೊದಲು ಒಂದೇ ವರ್ಷವಿತ್ತು. ನವೀಕರಣಕ್ಕೆ ಒಂದು ದಿನದ ಪುನರ್‌ತರಬೇತಿ ಕಡ್ಡಾಯವಾಗಿತ್ತು. 2019ರ ತಿದ್ದುಪಡಿ ಆ ಅವಧಿಯನ್ನು ಮೂರು ವರ್ಷಕ್ಕೆ ಏರಿಸಿತು. ಚಾಲಕರ ಅಲೆದಾಟ ತಪ್ಪಿತು ನಿಜ, ಆದರೆ ಪಾಠ ಮೆಲುಕು ಹಾಕುವ ದಿನವೂ ದೂರ ಸರಿಯಿತು. ಇನ್ನು ಕ್ಲೀನರ್ ಬಗ್ಗೆ ಈ ನಿಯಮದಲ್ಲಿ ಚಕಾರವಿಲ್ಲ. ಚಾಲಕ ಕ್ಯಾಬಿನ್‌ನಲ್ಲಿ ಸಿಕ್ಕಿಕೊಂಡರೆ ಮುಂದಿನದನ್ನು ನೋಡಿಕೊಳ್ಳಬೇಕಾದವನು ಅವನೇ.

ಅಡುಗೆ ಅನಿಲದ ಸ್ವಭಾವ ತಿಳಿಯದವರಿಗೆ ಸಾಹಸವೇ ಮುಳುವಾಗುತ್ತದೆ. ಸೋರಿದ ದ್ರವ ಸುಮಾರು 250 ಪಟ್ಟು ಹಿಗ್ಗಿ ಅನಿಲವಾಗುತ್ತದೆ. ಗಾಳಿಗಿಂತ ಭಾರವಾದ್ದರಿಂದ ಮೇಲೇರದೆ ನೆಲ ಹಿಡಿದು ಚರಂಡಿ, ತೋಟ, ತಗ್ಗಿನ ಮನೆಯಂಗಳಕ್ಕೆ ಇಳಿಯುತ್ತದೆ. ಅಲ್ಲಿ ಉರಿಯುವ ಒಂದು ಒಲೆ, ಸ್ಟಾರ್ಟ್ ಮಾಡಿದ ಒಂದು ಬೈಕ್ ಸಾಕು. ಸೋರಿಕೆ ನಿಲ್ಲಿಸಲಾಗದಿದ್ದರೆ ಉರಿಯುತ್ತಿರುವ ಅನಿಲವನ್ನು ಆರಿಸಲೂಬಾರದು. ಜ್ವಾಲೆ ಆರಿದರೂ ಅನಿಲ ಹರಡುತ್ತಲೇ ಇರುತ್ತದೆ, ಮತ್ತೆ ಕಿಡಿ ತಗುಲಿದರೆ ಸ್ಫೋಟ. ಇಲ್ಲಿ ನೀರು ಬೇಕಾಗುವುದು ಮುಖ್ಯವಾಗಿ ಟ್ಯಾಂಕನ್ನು ತಂಪಾಗಿಡಲು.

ಟ್ಯಾಂಕರ್ ಮೇಲಿನ ತುರ್ತು ಮಾಹಿತಿ ಫಲಕದಲ್ಲಿ ನಾಲ್ಕಂಕಿಯ ಸಂಖ್ಯೆ ಇರುತ್ತದೆ. 1075 ಎಂದರೆ ಅಡುಗೆ ಅನಿಲ, 1203 ಪೆಟ್ರೋಲ್, 1830 ಗಂಧಕಾಮ್ಲ. ಪೆಟ್ರೋಲ್ ಬೆಂಕಿಗೆ ನೊರೆ ಬೇಕು; ಗಂಧಕಾಮ್ಲಕ್ಕೆ ನೀರು ಬಿಟ್ಟರೆ ಅದು ಕುದಿದು ಸಿಡಿಯುತ್ತದೆ. 112ಕ್ಕೆ ಕರೆ ಮಾಡುವವರು ಸುರಕ್ಷಿತ ದೂರದಿಂದಲೇ ಆ ಸಂಖ್ಯೆ ಓದಿ ಹೇಳಿದರೆ, ಬರುವ ಅಗ್ನಿಶಾಮಕ ತಂಡ ದಾರಿಯಲ್ಲೇ ಸಿದ್ಧವಾಗಬಹುದು. ಫಲಕ ಕಡ್ಡಾಯ, ಅದನ್ನು ಓದಲು ಕಲಿಸುವುದು ಮಾತ್ರ ಯಾರ ಹೊಣೆಯೂ ಅಲ್ಲ.

ತರಬೇತಿಯ ಕೊರತೆಗೆ ಅಗ್ನಿಶಾಮಕ ಸಿಬ್ಬಂದಿಯೇ ಬೆಲೆ ತೆರಬೇಕಾಗುತ್ತದೆ. 1973ರಲ್ಲಿ ಅಮೆರಿಕದ ಕಿಂಗ್‌ಮನ್‌ನಲ್ಲಿ ಪ್ರೊಪೇನ್ ತುಂಬಿದ್ದ ರೈಲು ಟ್ಯಾಂಕರ್ ಸ್ಫೋಟಿಸಿ 11 ಅಗ್ನಿಶಾಮಕರು ಸತ್ತರು. ಆ ಘಟನೆ ಅಲ್ಲಿನ ತರಬೇತಿಯಲ್ಲಿ ಇಂದಿಗೂ ಪಾಠ. ಅಪಾಯಕಾರಿ ಸರಕು ಕಳಿಸುವ, ಸಾಗಿಸುವ ಕಂಪನಿಗಳಿಂದ ನೋಂದಣಿ ಶುಲ್ಕ ವಸೂಲು ಮಾಡಿ, ಆ ಹಣದಲ್ಲೇ ಸ್ಥಳೀಯ ರಕ್ಷಣಾ ಸಿಬ್ಬಂದಿಗೆ ತರಬೇತಿ ಕೊಡುವ ವ್ಯವಸ್ಥೆಗೆ 1990ರ ಕಾಯ್ದೆ ದಾರಿ ಮಾಡಿತು. ಅಪಾಯವನ್ನು ರಸ್ತೆಗಿಳಿಸುವವರೇ ಅದರ ಖರ್ಚು ಭರಿಸಲಿ ಎಂಬ ಈ ತತ್ವ ನಮಗೂ ಒಪ್ಪುವಂಥದ್ದು.

ಹಳ್ಳಿಗರನ್ನೆಲ್ಲ ತಜ್ಞರನ್ನಾಗಿ ಮಾಡಲಾದೀತೇ ಎಂಬ ಆಕ್ಷೇಪ ಸಹಜ. ಬೇಕಿರುವುದು ಅದಲ್ಲ. ಒಲೆ ಆರಿಸಿ, ವಾಹನ ಸ್ಟಾರ್ಟ್ ಮಾಡಬೇಡಿ, ಸ್ವಿಚ್ ಮುಟ್ಟಬೇಡಿ, ಗಾಳಿ ಬರುವ ದಿಕ್ಕಿನತ್ತ ದೂರ ಸಾಗಿ: ಹೆದ್ದಾರಿ ಬದಿಯ ಪಂಚಾಯಿತಿಗಳ ಗ್ರಾಮಸಭೆಯಲ್ಲಿ ಇಷ್ಟನ್ನು ಹೇಳಿಕೊಡಲು ಒಂದು ಗಂಟೆ ಸಾಕು. ಪೊಲೀಸ್ ಗಸ್ತು ಹಾಗೂ ಅಗ್ನಿಶಾಮಕ ಠಾಣೆಗಳಿಗೆ ನಿಜವಾದ ಟ್ಯಾಂಕರ್ ನಿಲ್ಲಿಸಿಕೊಂಡು ವರ್ಷಕ್ಕೊಮ್ಮೆ ಅಭ್ಯಾಸ ಬೇಕು, ಕ್ಲೀನರ್‌ಗೂ ಪ್ರಮಾಣಪತ್ರ ಕಡ್ಡಾಯವಾಗಬೇಕು. 1996ರ ರಾಸಾಯನಿಕ ಅಪಘಾತ ನಿಯಮಗಳಡಿ ರಚಿಸಬೇಕಾದ ಜಿಲ್ಲಾ ಬಿಕ್ಕಟ್ಟು ಸಮಿತಿಗಳಿಗೆ ಜಿಲ್ಲಾಧಿಕಾರಿಯೇ ಮುಖ್ಯಸ್ಥ. ಅವುಗಳ ಅಣಕು ಕಾರ್ಯಾಚರಣೆ ಕಾರ್ಖಾನೆಯ ಗೇಟು ದಾಟಿ ಹೆದ್ದಾರಿಗೆ ಬರಬೇಕು. ಅದಕ್ಕೆ ಹೊಸ ಕಾನೂನು ಬೇಕಿಲ್ಲ, ಜಿಲ್ಲಾಡಳಿತ ಮನಸ್ಸು ಮಾಡಿದರೆ ಸಾಕು.