ಮೂಸಿದ ಹೂವು, ಉಟ್ಟ ಸೀರೆ

ನಾವು ಹೆಂಗಸರು ಮೂಸಿದ ಹೂವನ್ನು ದೇವರಿಗೆ ಏರಿಸುವುದಿಲ್ಲ. ರುಚಿ ನೋಡಿದ ಪಾಯಸವನ್ನು ನೈವೇದ್ಯಕ್ಕೆ ಇಡುವುದಿಲ್ಲ. ಇಷ್ಟೆಲ್ಲ ಮಡಿ ಮಾಡುವ ನಾವೇ ಪುಣ್ಯಕ್ಷೇತ್ರಕ್ಕೆ ಹೋದಾಗ ಹೊಳೆಯಲ್ಲಿ ಮಿಂದು, ಮೈಮೇಲಿನ ಒದ್ದೆ ಸೀರೆಯನ್ನು ನೀರಿಗೇ ಬಿಟ್ಟು ಬರುತ್ತೇವಲ್ಲ, ಇದು ಯಾವ ಸೀಮೆಯ ಅರ್ಪಣೆ?

ದೇವರ ಸನ್ನಿಧಿಯಲ್ಲಿ ಏನಾದರೂ ಇಟ್ಟು ಬರುವುದನ್ನು ಕಂಡು ಮೂಗು ಮುರಿಯುವವಳು ನಾನಲ್ಲ. ಅದು ಬಹಳ ಹಳೆಯ ಆಸೆ. ಗ್ರೀಸ್ ದೇಶದ ಕೊರಿಂಥ್‌ನಲ್ಲಿ ವೈದ್ಯದೇವತೆ ಅಸ್ಕ್ಲೀಪಿಯಸ್‌ನ ಗುಡಿಯ ನೆಲವನ್ನು ಅಗೆದಾಗ, ಕ್ರಿ.ಪೂ. 5 ಮತ್ತು 4ನೇ ಶತಮಾನದ ಸುಟ್ಟ ಮಣ್ಣಿನ ಕೈ, ಕಾಲು, ಕಿವಿ, ಮೊಲೆಗಳು ಸಿಕ್ಕವು. ಯಾವ ಅಂಗಕ್ಕೆ ನೋವೋ ಆ ಅಂಗದ ಗೊಂಬೆ. ನಮ್ಮ ಬೆಳ್ತಂಗಡಿ ತಾಲ್ಲೂಕಿನ ಸುರ್ಯದಲ್ಲಿ ಸದಾಶಿವರುದ್ರನಿಗೆ ಇಂದಿಗೂ ಮಣ್ಣಿನ ಹರಕೆಯೇ ಸಲ್ಲುತ್ತದೆ. ಮಗು ಬೇಕೆಂದವರು ಮಣ್ಣಿನ ಮಗುವನ್ನು, ಸೂರು ಬೇಕೆಂದವರು ಮಣ್ಣಿನ ಮನೆಯನ್ನು ಒಪ್ಪಿಸುತ್ತಾರೆ. ಹರಕೆ ಬನದಲ್ಲಿ ರಾಶಿಬಿದ್ದ ಆ ಗೊಂಬೆಗಳು ಮಣ್ಣಿನಿಂದ ಬಂದವು, ಮಣ್ಣಿನಲ್ಲೇ ಉಳಿಯುತ್ತವೆ. ಯಾರಿಗೂ ತೊಂದರೆಯಿಲ್ಲ.

ನೀರಿಗೆ ಅರ್ಪಿಸಿದವರೂ ಇದ್ದರು. ಇಂಗ್ಲೆಂಡಿನ ಬಾತ್ ಊರಿನ ಬಿಸಿನೀರಿನ ಬುಗ್ಗೆಯಲ್ಲಿ ರೋಮನ್ನರ ಕಾಲದ 12,000ಕ್ಕೂ ಹೆಚ್ಚು ನಾಣ್ಯಗಳು ಸಿಕ್ಕಿವೆ. ಜೊತೆಗೆ ದೇವಿಗೆ ಬರೆದ ಸುಮಾರು 130 ಸೀಸದ ತಗಡುಗಳು. ‘ನನ್ನ ಮೇಲುವಸ್ತ್ರ ಕದ್ದವನನ್ನು ಶಿಕ್ಷಿಸು’ ಎಂಬಂಥ ದೂರುಗಳು ಅವುಗಳಲ್ಲಿ ಹಲವು. ಅವರು ಕಳೆದುಹೋದ ಬಟ್ಟೆಗಾಗಿ ದೇವಿಯ ಮೊರೆಹೊಕ್ಕರು. ನಾವೋ, ಇರುವ ಬಟ್ಟೆಯನ್ನೇ ಹೊಳೆಯ ಕೊರಳಿಗೆ ಸುತ್ತುತ್ತಿದ್ದೇವೆ!

‘ಬಟ್ಟೆಯ ಜೊತೆ ಪಾಪವೂ ಹೋಗಲಿ ಅಂತ ಬಿಡೋದು ಕಣ್ರೀ’ ಎನ್ನುತ್ತಾರೆ ಜೊತೆಯ ಹೆಂಗಸರು. ಸರಿ, ಹೋಗುವುದಾದರೂ ಎಲ್ಲಿಗೆ? ಪಾಲಿಯೆಸ್ಟರ್ ಸೀರೆ ಬಾಳೆಲೆಯಂತೆ ಕೊಳೆಯುವುದಿಲ್ಲ. ಕಲ್ಲಿಗೆ ಸಿಕ್ಕಿಕೊಂಡು, ಕೆಸರು ಹಿಡಿದು ಅಲ್ಲೇ ಕೂರುತ್ತದೆ. ಕೊನೆಗೆ ದಿನಗೂಲಿಯ ಒಬ್ಬಳು ಮೊಣಕಾಲುದ್ದ ನೀರಿಗಿಳಿದು ಅದನ್ನು ಎಳೆದು ಹಾಕಬೇಕು. ನಮ್ಮ ಪಾಪವನ್ನು ಅವಳ ತಲೆಗೆ ಕಟ್ಟಿ, ನಾವು ಪುಣ್ಯವಂತರಾಗಿ ಬಸ್ಸು ಹತ್ತುವುದೇ?

2025ರ ಮಾರ್ಚ್‌ನಲ್ಲಿ ರಾಜ್ಯದ ಪರಿಸರ ಸಚಿವರು ತೀರ್ಥಕ್ಷೇತ್ರಗಳ ನದಿದಡದಲ್ಲಿ ಸೋಪು, ಶಾಂಪೂ ಮಾರದಂತೆ, ಭಕ್ತರು ಬಟ್ಟೆ ಬಿಡದಂತೆ ನೋಡಿಕೊಳ್ಳಲು ಅಧಿಕಾರಿಗಳಿಗೆ ಸೂಚಿಸಿದರು. ಒಳ್ಳೆಯದೇ. ಆದರೆ ಅಂಗಡಿ ಮುಚ್ಚಿಸಬಹುದು, ಸೀರೆ ಬಿಡುವ ಕೈಯನ್ನು ಯಾವ ಅಧಿಕಾರಿ ಹಿಡಿದಾನು? ನಮ್ಮ ಮನೆಗಳಲ್ಲಿ ಹರಕೆ ಹೊರುವವರು ನಾವು. ಶಾಸ್ತ್ರ ಹೀಗೆಂದು ಮಗಳಿಗೆ, ಸೊಸೆಗೆ ಹೇಳಿಕೊಡುವವರೂ ನಾವೇ. ಹಾಗಾಗಿ ಇದನ್ನು ನಿಲ್ಲಿಸಬೇಕಾದವರೂ ನಾವೇ.

ಮೀಯಿರಿ, ಬೇಡವೆಂದವರು ಯಾರು? ಒದ್ದೆ ಬಟ್ಟೆಯನ್ನು ಹಿಂಡಿ ಚೀಲಕ್ಕೆ ಹಾಕಿ ಮನೆಗೆ ತನ್ನಿ. ವಸ್ತ್ರವನ್ನೇ ಒಪ್ಪಿಸುವ ಹರಕೆಯಿದ್ದರೆ ಹೊಸ ಸೀರೆಯೊಂದನ್ನು ಕೊಂಡು, ಆ ಸ್ನಾನಘಟ್ಟ ಗುಡಿಸುವವಳ ಕೈಗೆ ಅರಿಸಿನ ಕುಂಕುಮದೊಂದಿಗೆ ಕೊಡಿ. ಉಟ್ಟು ಬಿಟ್ಟದ್ದನ್ನಲ್ಲ, ನೀವೇ ಹಬ್ಬಕ್ಕೆ ಉಡುವಂಥದ್ದನ್ನು.