ಊರಿನ ಸಾಲಕ್ಕೆ ಊರಿನ ವಕೀಲರು

ಮುಖಪುಟದಲ್ಲಿ ಹಂಪಿಯ ಕಲ್ಲಿನ ರಥ, ಒಳಗೆ ಸಂಪಾದಕೀಯದಲ್ಲಿ ದಿವಾಳಿಯ ಮಾತು. ರಾಜ್ಯೋತ್ಸವದ ಸಂಚಿಕೆಗೆ ಇದು ಒಪ್ಪದು ಎನ್ನುವವರಿದ್ದಾರು. ಆದರೆ ಚೆನ್ನೈಗೆ ಬಂದು ನೆಲೆಸಿದ ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯವರು ಸಂಘದ ಸಭೆ ಮುಗಿದ ಮೇಲೆ ಪಕ್ಕಕ್ಕೆ ಕರೆದು ಕೇಳುವುದು ರಥದ ವಿಷಯವನ್ನಲ್ಲ. "ಊರಾಗ ನಮ್ಮಣ್ಣ ಐಪಿ ಹಾಕ್ತೀನಿ ಅಂತಾನ್ರೀ. ಇಲ್ಲಿ ಹೈಕೋರ್ಟಿನ್ಯಾಗ ಯಾರಾದ್ರೂ ಚಲೋ ವಕೀಲ್ರು ಅದಾರೇನ್ರಿ?"

ಇದ್ದಾರೆ, ಆದರೆ ಅಣ್ಣನಿಗೆ ಅವರಿಂದ ಉಪಯೋಗವಿಲ್ಲ. ಐಪಿ, ಅಂದರೆ ದಿವಾಳಿ ಅರ್ಜಿ, ಚೆನ್ನೈ ನಗರದ್ದಾದರೆ 1909ರ ಪ್ರೆಸಿಡೆನ್ಸಿ ಪಟ್ಟಣಗಳ ಕಾಯ್ದೆಯಡಿ ಇಲ್ಲಿನ ಹೈಕೋರ್ಟಿಗೆ ಹೋಗುತ್ತದೆ. ಬಳ್ಳಾರಿ ಸೀಮೆ 1953ರವರೆಗೆ ಮದರಾಸಿನ ಜೊತೆಗೇ ಇದ್ದರೂ ಅದು ಮೊಫಸಿಲ್. ಅಲ್ಲಿಗೆ 1920ರ ಪ್ರಾಂತೀಯ ದಿವಾಳಿ ಕಾಯ್ದೆ. 2016ರ ಹೊಸ ದಿವಾಳಿ ಸಂಹಿತೆಯ ಗದ್ದಲದಲ್ಲಿ ಹಳೆಯದೆಲ್ಲ ಹೋಯಿತೆಂದು ಹಲವರು ತಿಳಿದಿದ್ದಾರೆ. ಸಂಹಿತೆ ನಡೆಯುತ್ತಿರುವುದು ಕಂಪನಿಗಳಿಗೆ, 2019ರ ಡಿಸೆಂಬರ್‌ನಿಂದ ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ. ಅವರು ಬೆಂಗಳೂರಿನ ಕಂಪನಿ ನ್ಯಾಯಮಂಡಳಿಗೆ ಹೋಗಬೇಕು. ಒಂದು ಲಾರಿ ಇಟ್ಟುಕೊಂಡವನಿಗೆ, ಕಿರಾಣಿ ಅಂಗಡಿಯವನಿಗೆ ಇಂದಿಗೂ 1920ರದೇ ಗತಿ. ಸಾಲಗಾರ ಎಲ್ಲಿ ವಾಸವಿದ್ದಾನೋ, ಎಲ್ಲಿ ವ್ಯವಹಾರ ಮಾಡುತ್ತಾನೋ ಅಲ್ಲಿನ ಕೋರ್ಟಿನಲ್ಲೇ ಅರ್ಜಿ. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು, ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಯಾವ ಊರಿನ ಅರ್ಜಿ ಯಾವ ಕೋರ್ಟಿನ ಮೆಟ್ಟಿಲು ಹತ್ತಬೇಕೆಂಬುದನ್ನು ಅಲ್ಲಿ ದಿನಾ ಕರಿಕೋಟು ಹಾಕುವವರು ಬಾಯಿಮಾತಿನಲ್ಲೇ ಹೇಳುತ್ತಾರೆ.

ಆ ಕಡೆಯ ಸಾಲದ ಕಥೆ ನಮಗೆಲ್ಲ ಗೊತ್ತಿರುವುದೇ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಅದಿರಿನ ಧೂಳು ಅಡಗಿತು, ಒಳ್ಳೆಯದೇ ಆಯಿತು. ಗಣಿ ದೊರೆಗಳ ಸುದ್ದಿ ಪತ್ರಿಕೆಗಳಲ್ಲಿ ತುಂಬಿತು. ಹೊಲ ಒತ್ತೆಯಿಟ್ಟು, ಭಾವನಿಂದ ಜಾಮೀನು ಹಾಕಿಸಿ ಟಿಪ್ಪರ್ ಕೊಂಡವನ ಸುದ್ದಿ ಅಷ್ಟು ಬರಲಿಲ್ಲ. ಲಾರಿ ನಿಂತರೂ ಕಂತು ನಿಲ್ಲಲಿಲ್ಲ.

ಇಂಥವನು ವಕೀಲರನ್ನು ಹುಡುಕುವಾಗ ನೋಡಬೇಕಾದದ್ದು ಬೋರ್ಡಿನ ಗಾತ್ರವಲ್ಲ, ಅವರು ಕೇಳುವ ಪ್ರಶ್ನೆ. ಲಾರಿ ಫೈನಾನ್ಸ್ ಕಂಪನಿಗೆ ಒತ್ತೆ ಇದೆಯೇ? ಇದ್ದರೆ ಐಪಿಯಿಂದ ಲಾರಿ ಉಳಿಯದು. ಒತ್ತೆ ಹಿಡಿದವರು ತಮ್ಮ ಹಕ್ಕು ನಡೆಸಿಕೊಳ್ಳಬಹುದು. ಜಾಮೀನು ಯಾರು? ಅಣ್ಣನಿಗೆ ಬಿಡುಗಡೆ ಸಿಕ್ಕರೂ ಭಾವನಿಗೆ ಸಿಗದು. ಮನೆಯ ಮೇಲೆ ಬ್ಯಾಂಕಿನ ನೋಟಿಸು ಬಂದು ಎಷ್ಟು ದಿನವಾಯಿತು? ಒತ್ತೆ ಆಸ್ತಿಯ ವಶಕ್ಕೆ ಬ್ಯಾಂಕು ಬಳಸುವ ಸರ್ಫೇಸಿ ಕಾಯ್ದೆಯ ನೋಟಿಸಿಗೆ 60 ದಿನ. ಬ್ಯಾಂಕು ಸ್ವಾಧೀನಕ್ಕೆ ಕೈಹಾಕಿದ ಮೇಲೆ ಬೆಂಗಳೂರಿನ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಲು 45 ದಿನ. ಅದು ಬೇರೆಯೇ ದಾರಿ. ಕಂಪ್ಲಿಯ ಗದ್ದೆಯಾದರೆ ಸರ್ಫೇಸಿ ಕೃಷಿಭೂಮಿಗೆ ತಾಗುವುದೇ ಇಲ್ಲ. ಇಷ್ಟನ್ನು ಕೇಳದೆ ವಕಾಲತ್ತಿಗೆ ಸಹಿ ಹಾಕಿಸಿಕೊಳ್ಳುವವರಿಂದ ದೂರವಿರಿ.

"ಮೊದಲು ಮನೆ ಹೆಂಡತಿ ಹೆಸರಿಗೆ ಮಾಡಿಬಿಡು" ಎನ್ನುವವರಿದ್ದರೆ ಕುರ್ಚಿಯಿಂದ ಎದ್ದೇ ಬನ್ನಿ. ಅರ್ಜಿಗೆ ಮುಂಚಿನ 2 ವರ್ಷದಲ್ಲಿ ಬೆಲೆ ಪಡೆಯದೆ ಮಾಡಿದ ವರ್ಗಾವಣೆಯನ್ನು ಕೋರ್ಟು ರದ್ದು ಮಾಡಬಲ್ಲದು. ಆಸ್ತಿ ಬಚ್ಚಿಟ್ಟದ್ದು ರುಜುವಾತಾದರೆ ಜೈಲೂ ಉಂಟು. ಸಲಹೆ ಕೊಟ್ಟವರು ಮಾತ್ರ ಹೊರಗೇ ಇರುತ್ತಾರೆ.

ಫೀಜಿನ ಮಾತು ಮೊದಲೇ ಆಗಲಿ, ಬರಹದಲ್ಲಿರಲಿ. "ಗೆದ್ದರೆ ಇಷ್ಟು ಪಾಲು" ಎಂಬ ಕರಾರು ವಕೀಲರ ಪರಿಷತ್ತಿನ ನಿಯಮಕ್ಕೆ ವಿರುದ್ಧ. ಫೀಜು ಬಾಕಿ ಇದೆಯೆಂದು ಕಡತ ಹಿಡಿದಿಟ್ಟುಕೊಳ್ಳುವಂತಿಲ್ಲವೆಂದು 2000ದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಣ ನೀವು ಚೆನ್ನೈಯಿಂದ ಕಳಿಸುವವರಾದರೂ ಕಕ್ಷಿದಾರ ಅಣ್ಣನೇ. ಪ್ರತಿ ಹಾಜರಿಗೂ ವಕೀಲರಿಗೆ ನೀವು ಫೋನು ಮಾಡಿ ಪೀಡಿಸಬೇಡಿ; ಅಣ್ಣನಿಗೆ ಕೇಸ್ ನಂಬರು, ಮುಂದಿನ ತಾರೀಕು ಗೊತ್ತಿದ್ದರೆ ಸಾಕು. ಕೈಯಲ್ಲಿ ಕಾಸೇ ಇಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿದೆ, ಸಹಾಯವಾಣಿ 15100. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇರಲಿ ವಕೀಲರು ಉಚಿತ.

ಸಂಘ ಯಾರ ಹೆಸರನ್ನೂ ಶಿಫಾರಸು ಮಾಡುವುದಿಲ್ಲ. ಒಂದು ಮಾತು ಮಾತ್ರ ಕಿವಿಯಲ್ಲಿರಲಿ. ದಿವಾಳಿಯೆಂದು ಘೋಷಣೆಯಾದವನು ಪಂಚಾಯ್ತಿಗಾಗಲಿ ನಗರಸಭೆಗಾಗಲಿ ಚುನಾಯಿತನಾಗುವಂತಿಲ್ಲ. ನಮ್ಮೂರ ಕಡೆ ಇದು ಸಾಲಕ್ಕಿಂತ ದೊಡ್ಡ ಸಂಕಟ! ಆದರೆ ಬಿಡುಗಡೆಯ ಆದೇಶದ ಜೊತೆಗೆ, ತನ್ನ ದುರ್ನಡತೆಯೇನೂ ಇಲ್ಲದೆ ಬರೀ ದುರದೃಷ್ಟದಿಂದ ದಿವಾಳಿಯಾದನೆಂಬ ಪ್ರಮಾಣಪತ್ರವನ್ನೂ ಕೋರ್ಟಿನಿಂದ ಪಡೆದರೆ ಆ ಅನರ್ಹತೆ ಹೋಗುತ್ತದೆ. 2011ರಲ್ಲಿ ಲಾರಿ ನಿಂತವನಿಗೆ ಕೇಳುವ ಅರ್ಹತೆ ಇದ್ದ ಕಾಗದ ಅದು. ಅದನ್ನು ಕೇಳಬೇಕೆಂದು ವಕೀಲರಿಗೆ ಹೊಳೆಯದಿದ್ದರೆ ನೀವೇ ನೆನಪಿಸಿ.