ಹುಟ್ಟಿದ ವರ್ಷ ನೋಡಿ ಗುಜರಿಗೆ ಹಾಕ್ತೀರಾ?

ಕಳೆದ ಭಾನುವಾರ ಊರಿಗೆ ಹೋಗಿದ್ದೆ. ಊರು ಅಂದ್ರೆ ಭಾರತೀನಗರ. ಮದ್ದೂರಿಂದ ಮಳವಳ್ಳಿ ರಸ್ತೆ ಹಿಡಿದರೆ ಸಿಗುತ್ತೆ. ಬಸ್ಸಿನವರ ಬಾಯಲ್ಲಿ ಇವತ್ತಿಗೂ ಕೆ.ಎಂ.ದೊಡ್ಡಿಯೇ. ಮನೆ ಮುಂದೆ ಅಪ್ಪ ಕಾರಿನ ಬಾನೆಟ್ ಎತ್ತಿಕೊಂಡು ಡೀಸೆಲ್ ಫಿಲ್ಟರಿನ ತಳದಲ್ಲಿ ನಿಂತಿದ್ದ ನೀರು ಬಿಡ್ತಾ ಇದ್ದ. ದಾರೀಲಿ ಹೋಗ್ತಿದ್ದ ಪರಿಚಯದವರೊಬ್ಬರು ಬೈಕ್ ನಿಲ್ಲಿಸಿ, "ಏನಣ್ಣೋ, ಈ ಡಬ್ಬಾನ ಇನ್ನೂ ಗುಜರಿಗೆ ಹಾಕಿಲ್ವಾ? ಮಗ ಸಾಫ್ಟ್‌ವೇರು, ಒಂದು ಹೊಸಾ ಗಾಡಿ ಕೊಡ್ಸಕ್ಕಾಗಲ್ವಾ?" ಅಂದ್ರು. ಅಪ್ಪ ತಲೆ ಎತ್ತಲಿಲ್ಲ. ನನಗೆ ಮಾತ್ರ ಉರಿದು ಹೋಯ್ತು. ಅಲ್ಲಿ ನುಂಗಿಕೊಂಡಿದ್ದನ್ನ ಇಲ್ಲಿ ಕಾರ್ಕೊಳ್ತಾ ಇದೀನಿ, ಸಹಿಸ್ಕೊಳ್ಳಿ :-)

ನಮ್ಮದು 2006ರ ಟಾಟಾ ಇಂಡಿಗೊ ಮರೀನಾ, ಡೀಸೆಲ್. ನೋಡಿಲ್ಲದವರಿಗೆ ಒಂದು ಮಾತು: ಇಂಡಿಗೊ ಕಾರಿನ ಚಾವಣಿಯನ್ನ ಡಿಕ್ಕಿಯ ಮೇಲೂ ಎಳೆದು, ಹಿಂದೊಂದು ಬಾಗಿಲಿಟ್ಟರೆ ಮರೀನಾ ಆಯ್ತು. ಸ್ಟೇಷನ್ ವ್ಯಾಗನ್ ಅಂತಾರಲ್ಲ, ಅದು. 2004ರಲ್ಲಿ ಬಂತು. ಅದಕ್ಕೂ ಮುಂಚೆ ಟಾಟಾ ಎಸ್ಟೇಟ್ ಇತ್ತು, ಮಾರುತಿಯವರ ಬಲೆನೊ ಆಲ್ಟುರಾ ಇತ್ತು. ಯಾವುದೂ ನಮ್ಮ ಜನಕ್ಕೆ ಹಿಡಿಸಲಿಲ್ಲ. "ಆಂಬುಲೆನ್ಸ್ ಥರ ಕಾಣುತ್ತೆ" ಅನ್ನೋದೇ ದೂರು. ಹಾಗಾಗಿಯೇ 2011ರಲ್ಲಿ ಅಪ್ಪನಿಗೆ ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಕ್ತು. ಆಗ ಡೀಸೆಲ್ಲಿಗೆ ಸರ್ಕಾರದ ಸಬ್ಸಿಡಿಯೂ ಇತ್ತು. 2014ರ ಅಕ್ಟೋಬರಿನಲ್ಲಿ ಅದೂ ಹೋಯ್ತು, ಆದರೆ ಗಾಡಿ ಉಳೀತು.

ಹಿಂದಿನ ಸೀಟು ಮಡಚಿದರೆ ರೇಷ್ಮೆಗೂಡಿನ ಚೀಲಗಳು ರಾಮನಗರದ ಮಾರುಕಟ್ಟೆಗೆ ಹೋಗ್ತಿದ್ವು, ವಾಪಸ್ ಬರುವಾಗ ಗೊಬ್ಬರ. ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ರಾತ್ರಿ, ಹಾಸಿಗೆ ಸಮೇತ ಮಲಗಿಸಿಕೊಂಡು ಮಂಡ್ಯಕ್ಕೆ ಓಡಿದ್ದೂ ಇದರಲ್ಲೇ. ಆಂಬುಲೆನ್ಸ್ ಥರ ಇದ್ದದ್ದು ಅವತ್ತು ಕೆಲಸಕ್ಕೆ ಬಂತು ನೋಡಿ!

ಏನೂ ತೊಂದರೆ ಕೊಡಲಿಲ್ಲ ಅಂತ ಸುಳ್ಳು ಹೇಳಲ್ಲ. 2016ರಲ್ಲಿ ಟೈಮಿಂಗ್ ಬೆಲ್ಟ್ ಕಿತ್ತು ಹೋಯ್ತು. ತಪ್ಪು ನಮ್ಮದೇ. ಬದಲಾಯಿಸೋ ಹೊತ್ತಾಯ್ತು ಅಂತ ಮೆಕ್ಯಾನಿಕ್ ಮೊದಲೇ ಹೇಳಿದ್ದ, ಕಬ್ಬಿನ ದುಡ್ಡು ಬರಲಿ ಅಂತ ಅಪ್ಪ ತಳ್ಳಿದ್ದ. ಪಿಸ್ಟನ್ನು, ವಾಲ್ವು ಎರಡನ್ನೂ ಒಂದೇ ತಾಳದಲ್ಲಿ ಕುಣಿಸೋದು ಈ ಬೆಲ್ಟು. ಅದು ಕಿತ್ತರೆ ಪಿಸ್ಟನ್ ಹೋಗಿ ತೆರೆದ ವಾಲ್ವಿಗೆ ಗುದ್ದುತ್ತೆ. ನಾಲ್ಕೈದು ಸಾವಿರ ಉಳಿಸೋಕೆ ಹೋಗಿ ಮೂವತ್ತು ಸಾವಿರ ಕಕ್ಕಿದ್ವಿ. ಅವತ್ತಿಂದ ಅಪ್ಪ ನನ್ನ ಹಳೇ ಪಿಯುಸಿ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಬರೆಯೋಕೆ ಶುರು ಮಾಡಿದ. ತಾರೀಖು, ಕಿಲೋಮೀಟರು, ಆಯಿಲ್, ಏರ್ ಫಿಲ್ಟರ್, ಹೀಟರ್ ಪ್ಲಗ್, ಕ್ಲಚ್ ಪ್ಲೇಟ್, ಬೆಲ್ಟು. ಹತ್ತು ವರ್ಷದಲ್ಲಿ ಒಂದು ಸಾಲೂ ತಪ್ಪಿಲ್ಲ.

ಈಗ ವಿಷಯಕ್ಕೆ ಬರ್ತೀನಿ. 2021ರಲ್ಲಿ ಹದಿನೈದು ವರ್ಷ ತುಂಬಿದಾಗ ಆರ್‌ಸಿ ನವೀಕರಿಸೋ ಶುಲ್ಕ 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ ಅದು 5,000 ಆಯ್ತು. 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 10,000 ಮಾಡಿತು. ನಮ್ಮ ಗಾಡಿಗೆ ಈ ವರ್ಷ ಇಪ್ಪತ್ತು! ಇನ್ನೊಂದು ಕಡೆ ಹಳೇ ಗಾಡಿ ಗುಜರಿಗೆ ಕೊಟ್ಟು ಹೊಸದು ತಗೊಂಡರೆ ರಸ್ತೆ ತೆರಿಗೆಯಲ್ಲಿ ಶೇ. 25ರವರೆಗೆ ರಿಯಾಯಿತಿ ಕೊಡಬಹುದು ಅಂತ 2021ರ ನಿಯಮ. ಅಂದ್ರೆ ಬಿಸಾಡಿದವನಿಗೆ ಬಹುಮಾನ, ಕಾಪಾಡಿಕೊಂಡವನಿಗೆ ದಂಡ. ಇದ್ಯಾವ ನ್ಯಾಯ ಸ್ವಾಮಿ?

ಎಫ್‌ಸಿ ಮಾಡಿ, ಬ್ರೇಕ್ ನೋಡಿ, ಹೊಗೆ ಅಳೆಯಿರಿ, ಬೇಡ ಅಂದೋರು ಯಾರು? ಫೇಲಾದರೆ ಗುಜರಿಗೆ ಹಾಕಿ, ನಾನೇ ತಳ್ಳಿಕೊಂಡು ಬರ್ತೀನಿ. ಪಾಸಾದ ಮೇಲೂ ವಯಸ್ಸಾಯ್ತು ಅಂತ ದುಡ್ಡು ಕೀಳೋದು ಯಾಕೆ? ಇನ್ನೂ ತಮಾಷೆ ಅಂದ್ರೆ ಸ್ವಂತ ಬಳಕೆಯ ಕಾರಿಗೆ ಮೊದಲ ಹದಿನೈದು ವರ್ಷ ಎಮಿಷನ್ ಚೀಟಿ ಬಿಟ್ಟರೆ ಯಾವ ತಪಾಸಣೆಯೂ ಇಲ್ಲ. ಆ ಚೀಟಿಯ ಕಥೆ ನಿಮಗೂ ಗೊತ್ತು. ಒಂದು ಕಡೆ ನಾನು ಗಾಡಿ ತಂದು ನಿಲ್ಲಿಸೋದಕ್ಕೆ ಮುಂಚೆಯೇ "ನಂಬರ್ ಹೇಳಿ ಸಾರ್, ಸಾಕು" ಅಂದಿದ್ದರು. ಆರು ವರ್ಷದ ದೈತ್ಯ ಎಸ್‌ಯುವಿ ಕಪ್ಪು ಹೊಗೆ ಉಗುಳಿಕೊಂಡು ಹೋದರೆ ಅದು ಹೊಸ ಗಾಡಿ. ನಮ್ಮದು ಡಬ್ಬ!

"ಪರಿಸರದ ಗತಿ ಏನಪ್ಪಾ?" ಅಂತ ಕೇಳೋರಿದ್ದೀರಿ. ಸರಿಯಾದ ಪ್ರಶ್ನೆ. ನಮ್ಮ ಗಾಡಿ ಬಿಎಸ್-3. ಬಿಎಸ್-6 ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯೋ ಫಿಲ್ಟರ್ ಇರುತ್ತೆ, ಇದರಲ್ಲಿಲ್ಲ. ಒಪ್ಕೋತೀನಿ. ಅದಕ್ಕೇ ಇದನ್ನ ಬೆಂಗಳೂರಿಗೆ ತರಲ್ಲ. ಆದರೆ ಒಂದೇ ಮಾದರಿಯ ಎರಡು ಗಾಡಿಗಳ ಹೊಗೆ ಒಂದೇ ಥರ ಇರಲ್ಲ. ಏರ್ ಫಿಲ್ಟರ್ ಕಟ್ಟಿಕೊಂಡರೆ, ಇಂಜೆಕ್ಟರ್ ಸೋರಿದರೆ ಡೀಸೆಲ್ ಪೂರ್ತಿ ಉರಿಯದೆ ಮಸಿಯಾಗಿ ಹೊರಗೆ ಬರುತ್ತೆ. ಹಳೇ ಡೀಸೆಲ್ ಗಾಡಿಗೆ ಹೊಗೆ ಸಾಂದ್ರತೆಯ ಮಿತಿ 65, ಬಿಎಸ್-4ಕ್ಕೆ 50. ಅಳೆಯೋ ಯಂತ್ರ ಇದೆ, ಅಂಕಿ ಇದೆ. ಪ್ರಾಮಾಣಿಕವಾಗಿ ಅಳೆದರೆ ಸಾಕಲ್ವಾ? ದೆಹಲಿಯಲ್ಲಿ ಹತ್ತು ವರ್ಷದ ಡೀಸೆಲ್ ಗಾಡಿಗಳು ಓಡಬಾರದು ಅನ್ನೋ ಆದೇಶವನ್ನ 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡಿದಿತ್ತು. 2025ರ ಡಿಸೆಂಬರಿನಲ್ಲಿ ಅದೇ ಕೋರ್ಟು, ಬಿಎಸ್-4 ಮತ್ತು ಆಮೇಲಿನ ಗಾಡಿಗಳ ಮೇಲೆ ಬರೀ ವಯಸ್ಸು ನೋಡಿ ಕ್ರಮ ಬೇಡ ಅಂತು. ಆ ರಕ್ಷಣೆ ನಮ್ಮ ಬಿಎಸ್-3ಕ್ಕೆ ಸಿಗಲ್ಲ, ಗೊತ್ತು. ಆದರೂ ತರ್ಕ ಸರಿ ಇದೆ: ಹೊಗೆ ನೋಡಿ, ಹುಟ್ಟಿದ ವರ್ಷ ಅಲ್ಲ.

ನಮ್ಮ ಸಾಫ್ಟ್‌ವೇರ್ ಲೋಕದಲ್ಲೂ ಇದೇ ಕಾಯಿಲೆ ಅಲ್ವಾ? ಮೈಂಟೆನೆನ್ಸ್ ಪ್ರಾಜೆಕ್ಟ್ ಅಂದ್ರೆ ಎಲ್ಲರಿಗೂ ಮುಖ ಸಿಂಡರಿಸುತ್ತೆ. ಹೊಸದನ್ನ ಕಟ್ಟಿದವನಿಗೆ ಪ್ರಮೋಷನ್, ಹಳೇದು ಬೀಳದ ಹಾಗೆ ಹಿಡಿದು ನಿಂತವನ ಹೆಸರು ಯಾರಿಗೂ ಗೊತ್ತಿಲ್ಲ. ನಾನೂ ಎರಡು ಸಲ ಅಂಥ ಪ್ರಾಜೆಕ್ಟಿಂದ ತಪ್ಪಿಸಿಕೊಂಡು ಓಡಿದವನೇ. ಅಪ್ಪನ ನೋಟ್‌ಬುಕ್ ನೋಡಿದಾಗ ನಾಚಿಕೆ ಆಗುತ್ತೆ.

ಆ ರಾತ್ರಿ ಊಟಕ್ಕೆ ಕೂತಾಗ, "ಹತ್ತು ಸಾವಿರ ಅಂತೆ, ಏನ್ ಮಾಡನ?" ಅಂದೆ. ಅಪ್ಪ ಮುದ್ದೆ ಮುರೀತಾ ಹೇಳಿದ: "ಗಾಡಿಗೆ ವಯಸ್ಸಾಯ್ತದೆ ಅಂತ ಯಾರ್ಲಾ ಯೋಳ್ದೋರು? ನೋಡ್ಕಳ್ದೇ ಇದ್ರೆ ಎರಡೇ ವರ್ಷುಕ್ಕೇ ಮುದಿಯಾಯ್ತದೆ."

ದುಡ್ಡು ನಾನು ಕಟ್ತೀನಿ. ಆದರೆ ಅರ್ಜಿಯಲ್ಲಿ ಹುಟ್ಟಿದ ವರ್ಷಕ್ಕೆ ಜಾಗ ಇದೆ, ಆ ನೋಟ್‌ಬುಕ್ಕಿಗೆ ಇಲ್ಲ. ಅದು ತಪ್ಪು ಅಂತ ಹೇಳಿಕೊಂಡೇ ಕಟ್ತೀನಿ. ಒಪ್ಪದವರು ಜಗಳಕ್ಕೆ ಬನ್ನಿ, ಕಾಯ್ತಾ ಇರ್ತೀನಿ.